ಸಿಂಗಾಪುರದಲ್ಲಿ ಲಾವೋ ತ್ಸುನನ್ನು ಎಲ್ಲಿ ಹುಡುಕೋದು?

ನಿಮ್ಮ ಪ್ರಶ್ನೆ ಇಷ್ಟ ಆಯ್ತು. ‘ಹಳೇ ಕಾಲದ ಚೀನಾದ ಜ್ಞಾನಿ ಲಾವೋ ತ್ಸು ಬರೆದದ್ದು ಅನ್ನುವ ತಾವೋ ತೆ ಚಿಂಗ್ ಓದಿದ್ದೇನೆ. ಹರಿಯುವುದನ್ನು ಹರಿಯಲು ಬಿಡು ಅನ್ನುವ ಪುಸ್ತಕ. ಇಲ್ಲಿ ನೋಡಿದರೆ ತಾವೋ ಮತದವರು ಅನ್ನುವ ಪಕ್ಕದ ಮನೆಯವರು ಅಪಾರ್ಟ್‌ಮೆಂಟ್ ಬ್ಲಾಕ್ ಕೆಳಗೆ ಸತ್ತವರಿಗೆ, ದೇವರಿಗೆ ಅಂತ ಕಾಗದದ ನಕಲಿ ದುಡ್ಡು ಸುಡುತ್ತಾರೆ. ಎರಡಕ್ಕೂ ಏನು ಸಂಬಂಧ?’ ಅಂತ ಕೇಳಿದ್ದೀರಿ.

ಸಂಬಂಧ ಇದೆ, ಆದರೆ ಪುಸ್ತಕದಿಂದ ಪೂಜೆ ಹುಟ್ಟಿದ್ದಲ್ಲ. ಪೂರ್ವಿಕರಿಗೆ ಎಡೆ ಇಡೋ ಪದ್ಧತಿ ಚೀನಾದಲ್ಲಿ ಲಾವೋ ತ್ಸುಗಿಂತ ಹಳೆಯದು. ಉಪನಿಷತ್ತು ಓದಿಕೊಂಡು ಮಾರಿ ಜಾತ್ರೆಗೆ ಹೋಗಿ ಅದನ್ನೇ ಹುಡುಕಿದರೆ ಸಿಗುತ್ತಾ? ಇದೂ ಹಾಗೇ.

ಎರಡನ್ನೂ ಹತ್ತಿರ ತಂದವರು ಪುರೋಹಿತರು. ಕ್ರಿ.ಶ. 142ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ಬೆಟ್ಟದಲ್ಲಿ ಜಾಂಗ್ ದಾವೋಲಿಂಗ್ ಎಂಬಾತನಿಗೆ ಲಾವೋ ತ್ಸು ದೇವರಾಗಿ ದರ್ಶನ ಕೊಟ್ಟ ಅನ್ನೋದು ಅವರ ಪರಂಪರೆಯ ನಂಬಿಕೆ. ಅಲ್ಲಿಂದ ದೀಕ್ಷೆ, ಮಂತ್ರ, ತಾಯಿತ ಎಲ್ಲ ಇರುವ ಪಂಥ ಬೆಳೆಯಿತು. ತಮಾಷೆ ಏನಂದ್ರೆ, ಮೊದಮೊದಲು ಇವರೇ ದೇವರಿಗೆ ಪ್ರಾಣಿಬಲಿ ಕೂಡದು ಅಂತಿದ್ದರು. ಆಮೇಲೆ ಶತಮಾನಗಳು ಕಳೆದ ಹಾಗೆ ಊರೂರಿನ ದೇವರುಗಳನ್ನು ತಮ್ಮ ಪಟ್ಟಿಗೇ ಸೇರಿಸಿಕೊಂಡರು! ಈಗಲೂ ಸಾವಿನ ಕರ್ಮಕ್ಕೆ, ದೇವರ ಹುಟ್ಟುಹಬ್ಬಕ್ಕೆ ಇಂಥ ಪುರೋಹಿತರನ್ನು ಕರೆಸುತ್ತಾರೆ. ಮಿಕ್ಕ ದಿನ ಜನರೇ ಊದುಬತ್ತಿ ಹಚ್ಚಿ ಕೈಮುಗಿದು ಹೋಗ್ತಾರೆ.

ಪುರುಸೊತ್ತಾದಾಗ ತೆಲೋಕ್ ಆಯರ್ ಬೀದಿಯ ಥಿಯಾನ್ ಹಾಕ್ ಕೆಂಗ್ ನೋಡಿ ಬನ್ನಿ. ಚೀನಾದ ಫುಜಿಯಾನ್ ಕಡೆಯಿಂದ ಹಡಗಿನಲ್ಲಿ ಬಂದವರು 1839ರಿಂದ 1842ರ ಹೊತ್ತಿಗೆ ಕಟ್ಟಿದ ದೇವಸ್ಥಾನ. ಮುಖ್ಯ ದೇವತೆ ಮಾಜು, ಸಮುದ್ರದಲ್ಲಿ ಕಾಯುವ ತಾಯಿ. ಹಿಂದಿನ ಗುಡಿಯಲ್ಲಿ ಬೌದ್ಧರ ಕರುಣೆಯ ದೇವತೆ ಗುವಾನ್‌ಯಿನ್. ಯಾರಿಗೂ ಇದು ವಿಚಿತ್ರ ಅನಿಸಲ್ಲ.

ನೀವು ಓದಿದ್ದು ನನಗೆ ಕಣ್ಣಿಗೆ ಕಂಡಿದ್ದು ಒಂದೇ ಕಡೆ. ಚೀನೀ ದೇವಸ್ಥಾನಗಳಲ್ಲಿ ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿ ದೇವರನ್ನು ಕೇಳುತ್ತಾರೆ. ಒಂದೊಂದಕ್ಕೂ ಒಂದು ಬದಿ ಚಪ್ಪಟೆ, ಒಂದು ಬದಿ ಉಬ್ಬು. ಚಪ್ಪಟೆ ಯಾಂಗ್, ಉಬ್ಬು ಯಿನ್, ಅಂದರೆ ನಿಮ್ಮ ಪುಸ್ತಕದಲ್ಲೂ ಬರೋ, ಬೆಳಕು-ನೆರಳಿನ ಹಾಗೆ ಒಂದಕ್ಕೊಂದು ಜೋಡಿಯಾದ ಎರಡು ಶಕ್ತಿಗಳು. ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ದೇವರು ಹೂಂ ಅಂದ ಹಾಗೆ. ಎರಡೂ ಉಬ್ಬು ಮೇಲಾದರೆ ಇಲ್ಲ. ಎರಡೂ ಚಪ್ಪಟೆಯಾದರೆ ದೇವರು ನಗ್ತಿದಾನೆ, ಪ್ರಶ್ನೆ ಸರಿಯಾಗಿ ಕೇಳು ಅಂತ. ಕೇಳ್ತಿರೋದು ಮಾತ್ರ ಮಗಳ ಮದುವೆನೋ ಅಂಗಡಿ ವ್ಯಾಪಾರನೋ ಆಗಿರುತ್ತೆ!

ಸಿಂಗಾಪುರದ 2020ರ ಜನಗಣತಿಯಲ್ಲಿ ತಾವೋ ಮತ ಅಂತ ಬರೆಸಿದವರು ಶೇ. 8.8, ಬೌದ್ಧರು ಶೇ. 31.1. ಈ ಗೆರೆಯನ್ನು ಜಾಸ್ತಿ ನಂಬಬೇಡಿ. ಒಂದೇ ಗುಡಿಗೆ ಇಬ್ಬರೂ ಹೋಗ್ತಾರೆ. ವಾಟರ್‌ಲೂ ಬೀದಿಯಲ್ಲಿ ಗುವಾನ್‌ಯಿನ್‌ಗೆ ಕೈಮುಗಿದವರು ಪಕ್ಕದ ಕೃಷ್ಣ ದೇವಸ್ಥಾನದ ಮುಂದೆಯೂ ಊದುಬತ್ತಿ ಹಚ್ಚುತ್ತಾರೆ.

ಪಕ್ಕದ ಮನೆಯ ಆಂಟಿ ಹತ್ತಿರ ತತ್ವ ಕೇಳಬೇಡಿ. ಯಾವ ದೇವರು, ಏನು ಹರಕೆ ಅಂತ ಕೇಳಿ, ಖುಷಿಯಾಗಿ ಹೇಳ್ತಾರೆ. ಚೀನೀ ಪಂಚಾಂಗದ ಏಳನೇ ತಿಂಗಳು, ಅಂದರೆ ಹೆಚ್ಚುಕಮ್ಮಿ ಆಗಸ್ಟ್‌ನಲ್ಲಿ, ತೀರಿಹೋದವರು ಭೂಮಿಗೆ ಬರ್ತಾರೆ ಅಂತ ನಂಬಿ ಹುಲ್ಲಿನ ಮೇಲೆ ಅನ್ನ, ಕಿತ್ತಳೆ, ಊದುಬತ್ತಿ ಇಟ್ಟಿರುತ್ತಾರೆ. ತುಳಿಯದೆ ಸುತ್ತಿಕೊಂಡು ಹೋಗಿ. ಬಯಲಿನ ಹಾಡಿನ ಕಾರ್ಯಕ್ರಮದಲ್ಲಿ ಮುಂದಿನ ಸಾಲು ಖಾಲಿ ಇದೆ ಅಂತ ಕೂತುಬಿಡಬೇಡಿ, ಅದು ತೀರಿಹೋದವರಿಗೆ. ಕೆಳಗಿನ ಮಹಡಿಯಲ್ಲಿ ಮನೆ ಸಿಕ್ಕಿದ್ದರೆ ಆ ತಿಂಗಳು ಬಟ್ಟೆ ಒಳಗೇ ಒಣಗಿಸಿ, ಬೂದಿ ಹಾರಿ ಬರುತ್ತೆ.