ಕೊಲೆಗಾರನ ಕಣ್ಣಲ್ಲಿ ಏನು ಕಾಣುತ್ತದೆ?

ಪ್ರಶ್ನೆ: ನನ್ನ ಮೊದಲ ಕಾದಂಬರಿಯ ನಾಯಕಿ ಅಪರಾಧ ಮನಶ್ಶಾಸ್ತ್ರಜ್ಞೆ. ಸರಣಿ ಹಂತಕನ ಕಣ್ಣು, ಬೆರಳುಗಳ ಚಲನೆ ನೋಡಿಯೇ ಏಳನೆಯ ಶವ ಎಲ್ಲಿದೆ ಎಂದು ಹೇಳಿಬಿಡುತ್ತಾಳೆ. ಹಸ್ತಪ್ರತಿ ಓದಿದ ಗೆಳತಿ ಇದನ್ನು ನಂಬಲಾಗುವುದಿಲ್ಲ ಎಂದಳು. ಅವಳ ಮಾತು ಸರಿಯೇ? ಸರಣಿ ಹಂತಕ ಎನ್ನಲು ಎಷ್ಟು ಕೊಲೆ ನಡೆದಿರಬೇಕು?

ಉತ್ತರ: ಎರಡನೆಯದನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2005ರಲ್ಲಿ ಕರೆದ ತಜ್ಞರ ಸಭೆಯ ಪ್ರಕಾರ, ಬೇರೆ ಬೇರೆ ಸಂದರ್ಭಗಳಲ್ಲಿ ಇಬ್ಬರನ್ನು ಕೊಂದರೂ ಸಾಕು.

ಇನ್ನು ನಿಮ್ಮ ಗೆಳತಿಯ ಮಾತು. ಅವರು ಹೇಳಿದ್ದು ಸರಿ. ಹನ್ನೆರಡು ವರ್ಷ ನಾನು ಜೈಲುಗಳಲ್ಲಿ ಕೈದಿಗಳ ಮನಸ್ಸಿನ ಪರೀಕ್ಷೆ ಮಾಡಿದ್ದೇನೆ. ಕೋಣೆಗೆ ಹೋಗುವ ಮುನ್ನ ಎರಡು ದಿನ ಕಡತ ಓದುತ್ತಿದ್ದೆ: ಮರಣೋತ್ತರ ಪರೀಕ್ಷೆಯ ವರದಿ, ಶಾಲೆಯ ದಾಖಲೆ, ತಾಯಿಯ ಹೇಳಿಕೆ. ಕೈದಿಯ ಮಾತಿಗೂ ಕಡತಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನನ್ನ ಕೆಲಸ ಆರಂಭವಾಗುತ್ತಿತ್ತು. ಮನೋವಿಕೃತಿಯನ್ನು, ಅಂದರೆ ಕನಿಕರವೂ ಪಶ್ಚಾತ್ತಾಪವೂ ಇಲ್ಲದ ಸ್ವಭಾವವನ್ನು (ಸೈಕೋಪತಿ), ಅಳೆಯಲು ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ರೂಪಿಸಿದ ಪಟ್ಟಿಯಲ್ಲಿ 20 ಅಂಶಗಳಿವೆ. ಮಾತಿನ ಮೋಡಿಯೂ ಸುಳ್ಳು ಹೇಳುವ ಚಾಳಿಯೂ ಅದರಲ್ಲಿ ಸೇರಿವೆ. ಸುಳ್ಳುಗಾರನನ್ನು ಅವನ ಮಾತಿನಿಂದಲೇ ಅಳೆಯುವುದು ಹೇಗೆ? ಹಾಗಾಗಿಯೇ ದಾಖಲೆಗಳಿಲ್ಲದೆ, ಬರೀ ಸಂದರ್ಶನ ನಡೆಸಿ ಅಂಕ ಕೊಡುವಂತಿಲ್ಲ.

ಮುಖ ನೋಡಿ ನಾನೂ ಒಮ್ಮೆ ಮೋಸ ಹೋಗುವುದರಲ್ಲಿದ್ದೆ. ಹೆಂಡತಿಯ ಸಾವಿನ ಬಗ್ಗೆ ಹೇಳುವಾಗ ಒಬ್ಬನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ‘ಪಶ್ಚಾತ್ತಾಪವಿಲ್ಲ’ ಎಂದು ಬರೆಯಲು ಪೆನ್ನು ತೆಗೆದೂ ಇದ್ದೆ. ಕಡತದ ಕೊನೆಯಲ್ಲಿ ಜೈಲಿನ ವೈದ್ಯರ ಚೀಟಿ ಸಿಕ್ಕಿತು. ಅವನು ಸೇವಿಸುತ್ತಿದ್ದ ಮಾನಸಿಕ ಕಾಯಿಲೆಯ ಔಷಧಿ ಮುಖದ ಸ್ನಾಯುಗಳನ್ನೇ ಮರಗಟ್ಟಿಸುವಂಥದು. ಆ ಚೀಟಿ ಕಣ್ಣಿಗೆ ಬೀಳದಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಮೈ ನಡುಗುತ್ತದೆ.

ಇದಕ್ಕಿಂತ ಘೋರವಾದದ್ದು ಲಂಡನ್ನಿನಲ್ಲಿ ನಡೆಯಿತು. 1992ರಲ್ಲಿ ವಿಂಬಲ್ಡನ್ ಕಾಮನ್ ಎಂಬ ಬಯಲಿನಲ್ಲಿ ಒಬ್ಬ ತರುಣಿಯನ್ನು ಅವಳ ಪುಟ್ಟ ಮಗನ ಎದುರಿನಲ್ಲೇ ಕೊಲ್ಲಲಾಯಿತು. ಮನಶ್ಶಾಸ್ತ್ರಜ್ಞರೊಬ್ಬರು ಕೊಲೆಗಾರನ ಸ್ವಭಾವದ ಚಿತ್ರ ಬರೆದುಕೊಟ್ಟರು. ಅದಕ್ಕೆ ಹೊಂದುತ್ತಾನೆಂದು ಪೊಲೀಸರು ಒಬ್ಬನ ಬೆನ್ನು ಹತ್ತಿದರು. ಅವನ ಬಾಯಿ ಬಿಡಿಸಲು ಮಹಿಳಾ ಪೊಲೀಸ್ ಒಬ್ಬರು ವೇಷ ಮರೆಸಿ ಅವನೊಂದಿಗೆ ಪ್ರೀತಿಯ ನಾಟಕ ಆಡಿದರು. ತಿಂಗಳುಗಟ್ಟಲೆ ಪತ್ರಗಳು ಓಡಾಡಿದವು. ಅವನು ತಪ್ಪೊಪ್ಪಿಕೊಳ್ಳಲಿಲ್ಲ, ಆದರೂ ಬಂಧಿಸಿದರು. 1994ರಲ್ಲಿ ನ್ಯಾಯಾಧೀಶರು ಆ ಸಾಕ್ಷ್ಯವನ್ನು ತಳ್ಳಿಹಾಕಿದರು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅವನು ಸೆರೆಯಲ್ಲಿದ್ದಾಗಲೇ, 1993ರ ನವೆಂಬರ್‌ನಲ್ಲಿ, ನಿಜವಾದ ಹಂತಕ ಇನ್ನೊಬ್ಬ ತಾಯಿಯನ್ನೂ ಅವಳ ನಾಲ್ಕು ವರ್ಷದ ಮಗಳನ್ನೂ ಕೊಂದಿದ್ದ. ಬಯಲಿನ ಸಾವಿಗೆ ತಾನೇ ಕಾರಣ ಎಂದು ಅವನು ಒಪ್ಪಿಕೊಂಡದ್ದು 2008ರಲ್ಲಿ.

ಆ ಮಗುವಿನ ವಯಸ್ಸು ನನ್ನ ತಲೆಯಿಂದ ಹೋಗುವುದಿಲ್ಲ. ನಿಮ್ಮ ನಾಯಕಿಯ ತಲೆಯಲ್ಲೂ ಅದು ಇರಲಿ. ಅವಳು ತಪ್ಪಬಹುದು ಎಂಬ ಭಯ ಓದುಗರಿಗೆ ಹತ್ತಿದರೆ, ಹಂತಕನ ಕೈಗೆ ಚಾಕು ಕೊಡುವ ಅಗತ್ಯವೇ ಇಲ್ಲ.

ಆ ದೃಶ್ಯವನ್ನು ಹೀಗೆ ಬರೆದು ನೋಡಿ. ಹಂತಕ ತಾನಾಗಿಯೇ ಒಂದು ಪಾಳುಬಾವಿಯ ಹೆಸರನ್ನೂ ಶವವನ್ನು ಅಲ್ಲಿ ಹಾಕಿದ ದಿನವನ್ನೂ ಹೇಳುತ್ತಾನೆ. ಅವಳ ಮನಸ್ಸು ನಂಬು ಎನ್ನುತ್ತದೆ. ಆದರೆ ಆ ದಿನ ಅವನು ಆಸ್ಪತ್ರೆಯಲ್ಲಿ ದಾಖಲಾಗಿದ್ದ ಎಂದು ಕಡತದಲ್ಲಿದೆ. ಪೊಲೀಸರು ಬಾಗಿಲ ಹೊರಗೆ ಕಾಯುತ್ತಿದ್ದಾರೆ. ಅವಳು ಹೊರಗೆ ಬಂದು ಏನು ಹೇಳುತ್ತಾಳೆ? ಬರೆದು ಕಳುಹಿಸಿ, ಖಂಡಿತ ಓದುತ್ತೇನೆ.