ಹಳೆಯ ಕಾರಿಗೆ ಬ್ರೇಕ್ ಬೂಸ್ಟರ್: ಮೊದಲು ವ್ಯಾಕ್ಯೂಮ್ ಅಳೆಯಿರಿ

ಪ್ರಶ್ನೆ: ನನ್ನ ಬಳಿ 1960ರ ದಶಕದ ಪೆಟ್ರೋಲ್ ಕಾರಿದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುವ ಭಾಗ) ಒಂದೇ ಸರ್ಕ್ಯೂಟಿನದು. ಪೆಡಲ್ ತುಂಬಾ ಗಟ್ಟಿ, ಸ್ವಲ್ಪ ದೂರ ಓಡಿಸಿದರೂ ಮಂಡಿ ನೋಯುತ್ತದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಸಿ, ಜೊತೆಗೆ ವ್ಯಾಕ್ಯೂಮ್ ಬೂಸ್ಟರ್ ಕೂರಿಸಬೇಕೆಂದಿದ್ದೇನೆ. ಹಿಂದಿನ ಮಾಲೀಕರು ಎಂಜಿನ್ನಿಗೆ ರೇಸಿಂಗ್ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಹಾಕಿಸಿದ್ದಾರೆ. ಬೂಸ್ಟರ್ ಕೆಲಸ ಮಾಡುತ್ತದೆಯೇ? ದಾರಿಯಲ್ಲಿ ಎಂಜಿನ್ ನಿಂತುಹೋದರೆ ಬ್ರೇಕ್ ಇರುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಬೂಸ್ಟರ್ ಆಯ್ಕೆ ಮಾಡುವವರು ಮೊದಲು ಕೇಳಬೇಕಾದ ಪ್ರಶ್ನೆ ಅದು. ಬಹಳಷ್ಟು ಜನ ಅದನ್ನು ಕೇಳುವುದು ಎಲ್ಲ ಕೂರಿಸಿ ಮುಗಿದ ಮೇಲೆ.

ಬೂಸ್ಟರಿನ ಡಬ್ಬಿಯೊಳಗೆ ಒಂದು ರಬ್ಬರ್ ಡಯಾಫ್ರಾಮ್ ಇದೆ. ಪೆಡಲ್ ಒತ್ತದೇ ಇರುವಾಗ ಅದರ ಎರಡೂ ಬದಿಯಲ್ಲಿ, ಎಂಜಿನ್ ಗಾಳಿ ಹೀರುವಾಗ ಹುಟ್ಟುವ ವ್ಯಾಕ್ಯೂಮ್ ಇರುತ್ತದೆ. ಒತ್ತಿದ ಕೂಡಲೇ ಒಳಗಿನ ವಾಲ್ವ್ ಪೆಡಲ್ ಕಡೆಯ ಕೋಣೆಗೆ ಹೊರಗಿನ ಗಾಳಿಯನ್ನು ಬಿಡುತ್ತದೆ, ಆ ಗಾಳಿಯ ಒತ್ತಡವೇ ಡಯಾಫ್ರಾಮನ್ನು ಮಾಸ್ಟರ್ ಸಿಲಿಂಡರ್ ಕಡೆಗೆ ತಳ್ಳುತ್ತದೆ. ಅಂದರೆ ಬೂಸ್ಟರ್ ನೆರವಾಗುವುದು ನಿಮ್ಮ ಕಾಲಿಗೆ. ಚಕ್ರದ ಹತ್ತಿರ ಲೈನರ್ (ಡ್ರಮ್ಮಿಗೆ ಉಜ್ಜುವ ಪದರ) ಸವೆದು ನುಣುಪಾಗಿದ್ದರೆ, ವೀಲ್ ಸಿಲಿಂಡರ್ ಜಾಮ್ ಆಗಿದ್ದರೆ ಅದು ಏನನ್ನೂ ಸರಿಪಡಿಸದು. ಪೆಡಲ್ ಗಟ್ಟಿಯಾಗಿರುವುದಕ್ಕೆ ಇವೇ ಕಾರಣಗಳಾಗಿರುವುದೂ ಉಂಟು. ಆದ್ದರಿಂದ ನಾಲ್ಕೂ ಡ್ರಮ್ ಬಿಚ್ಚಿಸಿ ನೋಡಿ. ಲೈನರ್ ಗಾಜಿನಂತೆ ಹೊಳೆಯುತ್ತಿದೆಯೇ, ರಬ್ಬರ್ ಹೋಸ್ ಒಳಗೆ ಊದಿಕೊಂಡಿದೆಯೇ ಎಂದು ಪರೀಕ್ಷಿಸಿ. ಇಷ್ಟರಲ್ಲೇ ಪೆಡಲ್ ಹಗುರಾದರೆ ಬೂಸ್ಟರಿನ ಖರ್ಚು ಉಳಿಯಿತು.

ಈಗ ಲೆಕ್ಕಕ್ಕೆ ಬರೋಣ. ಬೂಸ್ಟರ್ ಇಲ್ಲದ ಕಾರುಗಳಲ್ಲಿ ಪೆಡಲ್ ಅನುಪಾತ (ಪೆಡಲ್ ಕಾಲಿನ ಬಲವನ್ನು ಎಷ್ಟು ಪಟ್ಟು ಮಾಡುತ್ತದೆ ಎಂಬುದು) ಸಾಮಾನ್ಯವಾಗಿ 6ಕ್ಕೆ 1ರ ಆಸುಪಾಸು ಇರುತ್ತದೆ. ನೀವು 30 ಕೆ.ಜಿ. ಬಲದಲ್ಲಿ ಒತ್ತಿದರೆ ಮಾಸ್ಟರ್ ಸಿಲಿಂಡರನ್ನು ಒತ್ತುವ ಪುಶ್ ರಾಡ್‌ಗೆ 180 ಕೆ.ಜಿ. ಸಿಗುತ್ತದೆ. ಮಾಸ್ಟರ್ ಸಿಲಿಂಡರಿನ ಬೋರ್ (ಒಳವ್ಯಾಸ) 7/8 ಇಂಚು, ಅಂದರೆ 22.2 ಮಿ.ಮೀ. ಎಂದಿಟ್ಟುಕೊಳ್ಳಿ. ಆಗ ಪೈಪಿನಲ್ಲಿ ಚದರ ಸೆಂ.ಮೀ.ಗೆ ಸುಮಾರು 46 ಕೆ.ಜಿ. ಒತ್ತಡ. ಬೂಸ್ಟರ್ ಹಾಕುವಾಗ ಪೆಡಲ್ ಅನುಪಾತವನ್ನು 4ಕ್ಕೆ 1ರ ಹತ್ತಿರ ಇಳಿಸುತ್ತಾರೆ. ಡಿಸ್ಕ್ ಕ್ಯಾಲಿಪರ್ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ಹೆಚ್ಚು ಆಯಿಲ್ ಕೇಳುವುದರಿಂದ ಬೋರನ್ನು 1 ಇಂಚಿಗೆ ಏರಿಸುತ್ತಾರೆ. 8 ಇಂಚಿನ ಬೂಸ್ಟರಿಗೆ 18 ಇಂಚು ಪಾದರಸದಷ್ಟು ವ್ಯಾಕ್ಯೂಮ್ ಸಿಕ್ಕರೆ ಅದು ಹತ್ತಿರ ಹತ್ತಿರ 200 ಕೆ.ಜಿ. ಬಲ ಸೇರಿಸಬಲ್ಲದು. ಕಾಲಿನ 120, ಬೂಸ್ಟರಿನ 200 ಸೇರಿ ಪೈಪಿನ ಒತ್ತಡ 63 ಆಗುತ್ತದೆ. ಚೆನ್ನಾಗಿದೆ.

ಎಂಜಿನ್ ನಿಂತು, ಉಳಿದ ವ್ಯಾಕ್ಯೂಮ್ ಒಂದೆರಡು ಸಲದ ಬ್ರೇಕಿಗೆ ಖರ್ಚಾಗಿಹೋಯಿತು ಎನ್ನಿ. ಪೆಡಲಿಗೂ ಮಾಸ್ಟರ್ ಸಿಲಿಂಡರಿಗೂ ನಡುವೆ ರಾಡ್ ಇದ್ದೇ ಇದೆ, ಬ್ರೇಕ್ ಹಿಡಿಯುತ್ತದೆ. ಆದರೆ ಅದೇ ಕಾಲು, ಅದೇ 30 ಕೆ.ಜಿ.ಗೆ ಈಗ ಪೈಪಿನಲ್ಲಿ ಸಿಗುವ ಒತ್ತಡ 24 ಮಾತ್ರ. ಮೊದಲಿದ್ದ 46ರ ಅರ್ಧ. ಹಾಗಾಗಿ ಪೆಡಲ್ ಅನುಪಾತವನ್ನು ಅಗತ್ಯಕ್ಕಿಂತ ಇಳಿಸಬೇಡಿ, ಬೋರನ್ನು ಕ್ಯಾಲಿಪರ್ ಕೇಳುವುದಕ್ಕಿಂತ ದೊಡ್ಡದು ಮಾಡಬೇಡಿ. ಕೆಲಸ ಮುಗಿದ ಮೇಲೆ ಖಾಲಿ, ಸಮತಟ್ಟು ಜಾಗದಲ್ಲಿ ಎಂಜಿನ್ ಆಫ್ ಮಾಡಿಸಿ, ಸ್ಟಿಯರಿಂಗ್ ಲಾಕ್ ಇರುವ ಕಾರಾದರೆ ಕೀ ಪೂರ್ತಿ ತಿರುಗಿಸದೆ, ಯಾರಾದರೂ ನಿಧಾನಕ್ಕೆ ತಳ್ಳುತ್ತಿರುವಾಗ ಬ್ರೇಕ್ ಒತ್ತಿ ನೋಡಿ. ಕಾರು ಓಡಿಸುವ ಪ್ರತಿಯೊಬ್ಬರೂ ಆ ಗಟ್ಟಿತನವನ್ನು ಒಮ್ಮೆ ಕಾಲಿನಲ್ಲಿ ಅನುಭವಿಸಿರಬೇಕು ಎಂಬುದು ನನ್ನ ಆಗ್ರಹ.

ಇನ್ನು ಕ್ಯಾಮ್ ವಿಷಯ. ಸರಿಯಾಗಿರುವ ಪೆಟ್ರೋಲ್ ಎಂಜಿನ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, 17ರಿಂದ 21 ಇಂಚು ವ್ಯಾಕ್ಯೂಮ್ ಕೊಡುತ್ತದೆ. ರೇಸಿಂಗ್ ಕ್ಯಾಮ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್‌ಗಳು ಒಟ್ಟಿಗೆ ತೆರೆದಿರುವ ಸಮಯ ಹೆಚ್ಚು, ಅದರಿಂದ ಐಡಲ್ ವ್ಯಾಕ್ಯೂಮ್ ಕುಸಿಯುತ್ತದೆ. ನಿಮ್ಮದು 10 ಇಂಚು ತೋರಿಸಿದರೆ ಮೇಲಿನ ಬೂಸ್ಟರ್ ಸುಮಾರು 110 ಕೆ.ಜಿ. ಮಾತ್ರ ಸೇರಿಸುತ್ತದೆ. ಆಗ ಪೈಪಿನ ಒತ್ತಡ 45ರ ಹತ್ತಿರ ನಿಲ್ಲುತ್ತದೆ. ಇಷ್ಟೆಲ್ಲ ಬದಲಾಯಿಸಿ ಹಳೆಯ ಅಂಕಿಗೇ ಬಂದು ನಿಂತಂತಾಯಿತು. ಡಿಸ್ಕ್‌ಗೆ ಅದು ಸಾಲದು. ಡ್ರಮ್ ತಿರುಗುತ್ತಾ ಮುಂದಿನ ಶೂವನ್ನು ತಾನೇ ಒಳಗೆಳೆದುಕೊಂಡು ಹಿಡಿತ ಹೆಚ್ಚಿಸಿಕೊಳ್ಳುತ್ತದೆ, ಡಿಸ್ಕ್‌ಗೆ ಆ ಗುಣವಿಲ್ಲ. ಡಿಸ್ಕ್ ಮತ್ತು ಬೂಸ್ಟರ್ ಜೋಡಿಯಾಗಿ ಬಂದದ್ದಕ್ಕೆ ಇದೇ ಕಾರಣ.

ಬಿಡಿಭಾಗ ಕೊಳ್ಳುವ ಮೊದಲು ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಒಯ್ಯುವ ಕೊಳವೆಗಳ ಭಾಗ) ವ್ಯಾಕ್ಯೂಮ್ ಗೇಜ್ ಜೋಡಿಸಿ, ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಓದಿ. ಆಟೋಮ್ಯಾಟಿಕ್ ಗೇರ್ ಆದರೆ ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ ಹಿಡಿದು, ಚಕ್ರಗಳಿಗೆ ಅಡ್ಡ ಇಟ್ಟು ಗೇರಿನಲ್ಲಿಯೂ ಓದಿ. 16ರಿಂದ 18 ಇದ್ದರೆ ನಿಶ್ಚಿಂತೆ. ಸ್ವಲ್ಪ ಕಡಿಮೆ ಇದ್ದರೆ ವ್ಯಾಕ್ಯೂಮ್ ಟ್ಯಾಂಕ್ ನೆರವಾದೀತು. ಟ್ಯಾಂಕ್ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ, ಆಕ್ಸಿಲರೇಟರ್ ಬಿಟ್ಟಾಗ ಏರುವ ವ್ಯಾಕ್ಯೂಮನ್ನು ಚೆಕ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಹಿಂದೆ ಹಿಡಿದಿಡುತ್ತದೆ. ಟ್ರಾಫಿಕ್ಕಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಅದು ಬರಿದಾಗುತ್ತದೆ. 12ರ ಕೆಳಗಿದ್ದರೆ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕಿಸಿ, ಇಲ್ಲವೇ ಹಳೆಯ ಕ್ಯಾಮ್ ವಾಪಸ್ ಹಾಕಿಸಿ. ರಸ್ತೆಯಲ್ಲಿ ಓಡುವ ಕಾರಾದರೆ ನಾನು ಕ್ಯಾಮನ್ನೇ ಬದಲಿಸುವೆ.

ಹೋಸನ್ನು ಕಾರ್ಬ್ಯುರೇಟರಿನ ಕೆಳಗೆ, ಎಲ್ಲ ಸಿಲಿಂಡರುಗಳಿಗೂ ಸೇರುವ ಜಾಗಕ್ಕೆ ಜೋಡಿಸಬೇಕು. ಒಂದೇ ಸಿಲಿಂಡರಿನ ರನ್ನರಿಗಾಗಲೀ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತೂತಿಗಾಗಲೀ ಬೇಡ. ಹೋಸ್ ಬ್ರೇಕ್ ಬೂಸ್ಟರಿಗೆಂದೇ ಮಾಡಿದ್ದಾಗಿರಲಿ. ಸಾಧಾರಣ ನೀರಿನ ಹೋಸ್ ಬಿಸಿಗೆ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತದೆ.

ಬೂಸ್ಟರಿಗಿಂತ ನನಗೆ ಹೆಚ್ಚು ಕಳವಳ ತಂದದ್ದು ನಿಮ್ಮ ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಅಮೆರಿಕದ ಕಾರುಗಳಿಗೆ 1967ರ ಮಾದರಿಯಿಂದಲೇ ಎರಡು ಸರ್ಕ್ಯೂಟ್ ಬಂದಿದೆ. ಹೇಗೂ ಬಿಚ್ಚುತ್ತಿದ್ದೀರಿ, ಎರಡು ಸರ್ಕ್ಯೂಟಿನದನ್ನೇ ಕೂರಿಸಿ. ಇನ್ನೊಂದು ಕಾರಣವೂ ಇದೆ: ಡ್ರಮ್ಮಿಗಾಗಿ ಮಾಡಿದ ಹಳೆಯ ಮಾಸ್ಟರ್ ಸಿಲಿಂಡರುಗಳ ಒಳಗೆ ಪೈಪಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಉಳಿಸುವ ವಾಲ್ವ್ ಇರುವುದುಂಟು. ಅದು ಡಿಸ್ಕ್ ಪೈಪಿಗೆ ಸೇರಿದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತದೆ. ಹಿಂದಿನ ಡ್ರಮ್ ಪೈಪಿಗೆ ಹೊಂದಿಸಬಲ್ಲ ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡ ಮಿತಿಯಲ್ಲಿಡುವ ವಾಲ್ವ್) ಮರೆಯಬೇಡಿ. ಜೋರಾಗಿ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ.

ಫೈರ್‌ವಾಲ್ (ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ) ಹತ್ತಿರ ಜಾಗವೇ ಇಲ್ಲದಿದ್ದರೆ ಪೈಪಿನ ನಡುವೆ ಸೇರಿಸುವ ರಿಮೋಟ್ ಸರ್ವೋ ಇದೆ, ಹಳೆಯ ಬ್ರಿಟಿಷ್ ಕಾರುಗಳಲ್ಲಿ ಗರ್ಲಿಂಗ್, ಲಾಕ್‌ಹೀಡ್ ಸರ್ವೋಗಳನ್ನು ನೋಡಿರಬಹುದು. ಪೆಡಲನ್ನು ಮುಟ್ಟುವ ಕೆಲಸವಿಲ್ಲ. ಆದರೆ ಒಂದು ಸರ್ವೋ ಒಂದು ಸರ್ಕ್ಯೂಟಿಗೆ ಮಾತ್ರ.

ಪ್ರಶ್ನೆ: ಬೂಸ್ಟರ್ ಹಾಕಿಸಿದ ಮೇಲೆ ಹೊರಟಾಗ ಸರಿಯಿರುತ್ತದೆ, ಸ್ವಲ್ಪ ದೂರ ಹೋದಂತೆ ಚಕ್ರಗಳು ಹಿಡಿದುಕೊಳ್ಳುತ್ತವೆ. ತಣ್ಣಗಾದರೆ ಬಿಡುತ್ತವೆ. ಬೂಸ್ಟರ್ ಕೆಟ್ಟಿದೆಯೇ?

ಉತ್ತರ: ಬೂಸ್ಟರನ್ನು ದೂರುವ ಮೊದಲು ಅದರ ಮುಂದಿನ ಪುಶ್ ರಾಡ್ ನೋಡಿ. ರಾಡಿನ ತುದಿಗೂ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನಿಗೂ ನಡುವೆ ಸುಮಾರು ಅರ್ಧ ಮಿ.ಮೀ. ಸಂದು ಇರಬೇಕು. ರಾಡ್ ಉದ್ದವಾದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಆಯಿಲ್ ಟ್ಯಾಂಕಿಗೆ ಮರಳುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್‌ಗೆ ಹೋಗಲು ದಾರಿಯಿಲ್ಲದೆ ಬ್ರೇಕ್ ತಾನಾಗಿ ಒತ್ತಿಕೊಳ್ಳುತ್ತದೆ.

ಜಾಮ್ ಆದಾಗಲೇ ಹೀಗೆ ಪರೀಕ್ಷಿಸಿ. ಚಕ್ರಗಳಿಗೆ ಅಡ್ಡ ಇಟ್ಟು, ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ನಟ್‌ಗಳನ್ನು ಎರಡು ಮಿ.ಮೀ. ಸಡಿಲಿಸಿ ಸಿಲಿಂಡರನ್ನು ಮುಂದೆ ಎಳೆಯಿರಿ. ಚಕ್ರ ಬಿಟ್ಟರೆ ರಾಡ್ ಉದ್ದವಾಗಿದೆ, ಅಥವಾ ಪೆಡಲ್ ಹಿಂದೆ ಬರಲಾಗದಂತೆ ಬ್ರೇಕ್ ಲೈಟ್ ಸ್ವಿಚ್ ತಡೆಯುತ್ತಿದೆ. ಬಿಡದೆ, ಸಿಲಿಂಡರಿನ ಬಳಿ ಪೈಪ್ ಸಡಿಲಿಸಿದಾಗ ಬಿಟ್ಟರೆ ತೊಂದರೆ ಮಾಸ್ಟರ್ ಸಿಲಿಂಡರಿನೊಳಗೇ ಇದೆ. ಚಕ್ರದ ಬ್ಲೀಡರ್ (ಏರ್ ತೆಗೆಯುವ ಸ್ಕ್ರೂ) ತೆರೆದಾಗ ಮಾತ್ರ ಬಿಟ್ಟರೆ ಹೋಸ್ ಒಳಗೆ ಊದಿದೆ. ಪರೀಕ್ಷೆಯ ನಂತರ ನಟ್ ಬಿಗಿ ಮಾಡಿ, ಪೈಪ್ ತೆರೆದಿದ್ದರೆ ಏರ್ ತೆಗೆಯದೆ ಕಾರು ಹೊರಡಿಸಬೇಡಿ.

ಬೂಸ್ಟರನ್ನೇ ಪರೀಕ್ಷಿಸುವುದು ಸುಲಭ. ಎಂಜಿನ್ ಆಫ್ ಇರುವಾಗ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ, ಕಾಲು ಹಾಗೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ನೆರವು ಕೊಡುತ್ತಿದೆ. ಎಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಒತ್ತಿದಾಗಲೂ ಮೊದಲ ಒಂದೆರಡು ಸಲ ಹಗುರಾಗಿಯೇ ಇರಬೇಕು, ಇಲ್ಲವಾದರೆ ಚೆಕ್ ವಾಲ್ವ್ ಅಥವಾ ಡಯಾಫ್ರಾಮ್ ಸೋರುತ್ತಿದೆ. ಎಲ್ಲೂ ಹನಿ ಬೀಳದೆ ಬ್ರೇಕ್ ಆಯಿಲ್ ಕಡಿಮೆಯಾಗುತ್ತಿದ್ದರೆ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಅದರ ಹಿಂಬದಿ ನೋಡಿ. ಹಿಂದಿನ ಸೀಲ್ ಹೋಗಿದ್ದರೆ ಆಯಿಲ್ ಬೂಸ್ಟರಿನೊಳಗೆ ಸೇರಿ, ಅಲ್ಲಿಂದ ಎಂಜಿನ್ ಅದನ್ನು ಹೀರಿಕೊಂಡು ಬಿಳಿ ಹೊಗೆ ಉಗುಳುತ್ತದೆ. ಹಾಗಾಗಿದ್ದರೆ ಸೀಲ್ ಜೊತೆಗೆ ಬೂಸ್ಟರನ್ನೂ ಬದಲಿಸಿ, ಆಯಿಲ್‌ನಲ್ಲಿ ನೆಂದ ಡಯಾಫ್ರಾಮ್ ನಂಬಿಕೆಗೆ ತಕ್ಕದ್ದಲ್ಲ.