ತೂತು ಚಿಕ್ಕದಾದರೆ ಸಾಕೇ?

ದಾವಣಗೆರೆಯ ಓದುಗರೊಬ್ಬರ ಪತ್ರ: ‘ನಮ್ಮಕ್ಕನಿಗೆ ಗರ್ಭಕೋಶದ ಕ್ಯಾನ್ಸರ್. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಕೊರೆದು, ಗರ್ಭಕೋಶ ತೆಗೆಸಿದೆವು. ಈಗ ಹೊಕ್ಕುಳ ಪಕ್ಕದ ಹೊಲಿಗೆ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟು. ಬಯಾಪ್ಸಿಯಲ್ಲಿ ಅದೇ ಕ್ಯಾನ್ಸರ್ ಬಂದಿದೆ. ಹೊಟ್ಟೆ ಕೊಯ್ದೇ ಮಾಡಿಸಿದ್ದರೆ ಹೀಗಾಗ್ತಿರಲಿಲ್ಲ ಅಲ್ವಾ? ಬೇಗ ಮನೆಗೆ ಬರಬಹುದು ಅಂತ ಒಪ್ಪಿಸಿದ್ದು ನಾನೇ.’

ಆ ಕೊನೆಯ ಸಾಲನ್ನು ಮೊದಲು ಹೊಡೆದುಹಾಕಿ, ತಾಯಿ. ತಪ್ಪು ನಿಮ್ಮದಲ್ಲ.

ವೈದ್ಯರ ಪರವಾಗಿ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ನಿಮ್ಮಕ್ಕನಿಗೆ ಬಂದಂಥ ಕ್ಯಾನ್ಸರಿನಲ್ಲಿ ಎರಡೂ ವಿಧಾನಗಳನ್ನು ಅಮೆರಿಕದಲ್ಲಿ 2,600ಕ್ಕೂ ಹೆಚ್ಚು ಹೆಂಗಸರ ಮೇಲೆ ಹೋಲಿಸಿ ನೋಡಿದ್ದಾರೆ. ಐದು ವರ್ಷದ ನಂತರ ಎರಡೂ ಕಡೆ ಬದುಕಿದ್ದವರು ಶೇ. 89.8. ತೂತಿನ ಜಾಗದಲ್ಲಿ ರೋಗ ಮರುಕಳಿಸಿದ್ದು ಸಾವಿರಕ್ಕೆ ಎರಡು-ಮೂರು ಮಂದಿಗೆ. ಹೊಟ್ಟೆ ಕೊಯ್ದ ಗಾಯದಲ್ಲೂ ಹೀಗೆ ಬರುವುದುಂಟು.

ಆದರೆ ನಿಮ್ಮ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. 1978ರಲ್ಲೇ ಅಂಡಾಶಯದ ಕ್ಯಾನ್ಸರಿನಲ್ಲಿ ತೂತಿನ ಜಾಗದಲ್ಲಿ ಗಂಟು ಬಂದದ್ದು ವರದಿಯಾಗಿತ್ತು. ಗರ್ಭಕೊರಳಿನ ಕ್ಯಾನ್ಸರಿನ ಕಥೆಯಂತೂ ಕಣ್ಣು ತೆರೆಸುವಂಥದ್ದು. ಎರಡೂ ವಿಧಾನ ಒಂದೇ ಎಂದು ವರ್ಷಗಟ್ಟಲೆ ನಂಬಿದ್ದರು. 2018ರಲ್ಲಿ 631 ಹೆಂಗಸರ ಪರೀಕ್ಷೆಯ ಫಲ ಬಂತು. ನಾಲ್ಕೂವರೆ ವರ್ಷದ ಹೊತ್ತಿಗೆ ರೋಗವಿಲ್ಲದೆ ಇದ್ದವರು, ಹೊಟ್ಟೆ ಕೊಯ್ದವರಲ್ಲಿ ಶೇ. 96.5. ತೂತು ಕೊರೆದವರಲ್ಲಿ ಶೇ. 86. ಸಾವೂ ಆ ಕಡೆಯೇ ಜಾಸ್ತಿ. ಅಷ್ಟು ವರ್ಷ ಧೈರ್ಯವಾಗಿ ‘ಒಂದೇ’ ಅಂದವರು ಏನು ನೋಡಿ ಅಂದರೋ!

ಗೆಡ್ಡೆಯನ್ನು ಹೊರಗೆ ತರುವ ಬಗೆಯೂ ಮುಖ್ಯ. ಅಮೆರಿಕದ ಬಾಸ್ಟನ್ನಿನ ಏಮಿ ರೀಡ್ ಸ್ವತಃ ಅರಿವಳಿಕೆ ವೈದ್ಯೆ. 2013ರಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ) ಗೆಡ್ಡೆ ಅಂತ ಅವರ ಗರ್ಭಕೋಶವನ್ನು ಒಳಗೇ ಯಂತ್ರದಿಂದ ಚೂರು ಮಾಡಿ ಸಣ್ಣ ತೂತಿನಿಂದ ತೆಗೆದರು. ಗೆಡ್ಡೆಯಲ್ಲಿ ಅಡಗಿದ್ದ ಕ್ಯಾನ್ಸರ್ ಹೊಟ್ಟೆಯೆಲ್ಲ ಚೆಲ್ಲಿತು. ಆ ಯಂತ್ರದ ಬಳಕೆಯ ವಿರುದ್ಧ ಗಂಡ ಹೆಂಡತಿ ಇಬ್ಬರೂ ಬಿಡದೆ ಹೋರಾಡಿದರು. ಮರುವರ್ಷ ಅಲ್ಲಿನ ಸರ್ಕಾರಿ ಸಂಸ್ಥೆ ಎಚ್ಚರಿಕೆ ಕೊಟ್ಟಿತು: ಫೈಬ್ರಾಯ್ಡಿಗೆ ಆಪರೇಷನ್ ಮಾಡಿಸುವ ಸುಮಾರು 350 ಹೆಂಗಸರಲ್ಲಿ ಒಬ್ಬರಿಗೆ ಇಂಥ ಗುಪ್ತ ಕ್ಯಾನ್ಸರ್ ಇರಬಹುದು. ಏಮಿ 2017ರಲ್ಲಿ ತೀರಿಕೊಂಡರು.

ನಮ್ಮ ಊರುಗಳಲ್ಲಿ ಬಸ್‌ಸ್ಟ್ಯಾಂಡ್ ಎದುರು ಬೋರ್ಡು ನೋಡಿ: ‘ಗಾಯವಿಲ್ಲ, ನೋವಿಲ್ಲ, ಎರಡೇ ದಿನಕ್ಕೆ ಮನೆ.’ ಗೆಡ್ಡೆಯನ್ನು ಹೊರಗೆ ಹೇಗೆ ತರುತ್ತಾರೆ ಅಂತ ಯಾವ ಬೋರ್ಡಿನಲ್ಲೂ ಇಲ್ಲ. ಸಹಿ ಹಾಕಿಸುವ ಕಾಗದ ಇಂಗ್ಲಿಷಿನಲ್ಲಿ, ಡಿಸ್ಚಾರ್ಜ್ ಚೀಟಿಯೂ ಇಂಗ್ಲಿಷಿನಲ್ಲಿ. ಕೇಳಿದರೆ ‘ನಿಮಗೆ ಅರ್ಥವಾಗಲ್ಲ’ ಎಂಬ ಉತ್ತರ. ಸೀರೆ ಕೊಳ್ಳುವಾಗ ಅಂಚು ತಿರುವಿ ನೋಡುವ ನಾವು ಇಲ್ಲಿ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ.

ಈಗ ಆಸ್ಪತ್ರೆಯಿಂದ ಆಪರೇಷನ್ ಟಿಪ್ಪಣಿ ಕೇಳಿ ಪಡೆಯಿರಿ. ಗರ್ಭಕೋಶವನ್ನು ಇಡಿಯಾಗಿ ತೆಗೆದರೋ, ಒಳಗೆ ಚೆಲ್ಲದಂತೆ ಚೀಲ ಬಳಸಿದರೋ, ಅದರಲ್ಲಿರಬೇಕು. ಅದಕ್ಕಿಂತ ಮುಖ್ಯ ಇನ್ನೊಂದು. ಗಂಟು ಅಲ್ಲಿ ಮಾತ್ರ ಇದೆಯೋ, ಹೊಟ್ಟೆಯೊಳಗೂ ಹರಡಿದೆಯೋ ಎಂದು ಸ್ಕ್ಯಾನ್ ಮಾಡಿಸಿ, ಕ್ಯಾನ್ಸರ್ ತಜ್ಞರನ್ನು ಈ ವಾರವೇ ಕಾಣಿ. ಅಲ್ಲಿ ಮಾತ್ರ ಇದ್ದರೆ ಅದನ್ನಷ್ಟೇ ಕತ್ತರಿಸಿ ತೆಗೆಯುವ ದಾರಿಯೂ ಇರಬಹುದು.

– ಸಂ.